ಹತ್ತು ದಿನದಲ್ಲಿ ಎಕ್ಸೂಮಾ ದ್ವೀಪಗಳನ್ನೆಲ್ಲ ಹಾಯಿದೋಣಿಯಲ್ಲಿ ಸುತ್ತಿ ಬರಬಹುದಾ?

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೂ ಸೇಲಿಂಗ್ ಕೋರ್ಸ್ ಮುಗಿಸಿದ್ದೀರಿ, ಮಾರ್ಚ್‌ನಲ್ಲಿ ಹತ್ತು ದಿನ ರಜೆ ಇದೆ, ಬಹಾಮಾಸ್‌ನ ನಸ್ಸೌನಲ್ಲಿ ದೋಣಿ ಬಾಡಿಗೆಗೆ ತಗೊಂಡು ಎಕ್ಸೂಮಾ ಸಾಲಿನುದ್ದಕ್ಕೂ ಜಾರ್ಜ್ ಟೌನ್ ತನಕ ಹೋಗಿ ವಾಪಸ್ ಬರಬೇಕು, ಆಗುತ್ತಾ ಅಂತ.

ದೋಣಿಗೆ ಆಗುತ್ತೆ, ನಿಮಗೆ ಆಗುವುದಿಲ್ಲ. ನಡುದಾರಿಯ ಸ್ಟಾನಿಯಲ್ ಕೀ (ಕೀ ಅಂದರೆ ಪುಟ್ಟ ದ್ವೀಪ) ತನಕ ಹೋಗಿ ತಿರುಗಿಬಿಡಿ.

ಲೆಕ್ಕ ನೋಡಿ. ನಸ್ಸೌನಿಂದ ಜಾರ್ಜ್ ಟೌನ್‌ಗೆ ಸುಮಾರು 130 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಹಿಡಿದರೂ ಹೋಗಿ ಬರಲು 50 ಗಂಟೆಗೂ ಜಾಸ್ತಿ, ಅದೂ ಹಗಲಿನಲ್ಲಿ ಮಾತ್ರ, ಯಾಕೆಂದರೆ ಆ ನೀರಿನಲ್ಲಿ ರಾತ್ರಿ ಓಡಾಡುವ ಹಾಗಿಲ್ಲ. ಅದರ ಮೇಲೆ ದ್ವೀಪಗಳ ಸಾಲು ಇರುವುದು ಆಗ್ನೇಯಕ್ಕೆ, ಗಾಳಿ ಹೆಚ್ಚಾಗಿ ಬೀಸುವುದೂ ಪೂರ್ವದಿಂದ ಇಲ್ಲವೇ ಆಗ್ನೇಯದಿಂದ. ಹೋಗುವಾಗ ಪೂರ್ತಿ ಎದುರುಗಾಳಿ. ಹಾಯಿ ಹಾಕಿದರೆ ಅಂಕುಡೊಂಕಾಗಿ ಹೋಗಬೇಕು, ದೂರ ಇನ್ನೂ ಬೆಳೆಯುತ್ತೆ. ಸ್ಟಾನಿಯಲ್ ಕೀ ಆದರೆ 75 ಮೈಲಿ ಆಸುಪಾಸು, ಮುಗಿಯಿತು.

ನನ್ನದು ಕುಂದಾಪುರದ ಕಡೆ. ಈಗ ಫ್ಲೋರಿಡಾದಲ್ಲಿದ್ದೇನೆ, ಎಕ್ಸೂಮಾಕ್ಕೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ನಾನೂ ನಿಮ್ಮ ಹಾಗೇ ದಿನಕ್ಕೊಂದು ದ್ವೀಪ ಅಂತ ಚೀಟಿ ಬರೆದುಕೊಂಡು ಹೋಗಿ, ಮೂರನೇ ರಾತ್ರಿಯೇ ಸರಿಯಾಗಿ ಪೆಟ್ಟು ತಿಂದೆ.

ಅಲ್ಲಿ ಚಳಿಗಾಲದಲ್ಲಿ ಅಮೆರಿಕದ ಕಡೆಯಿಂದ ತಣ್ಣನೆಯ ಗಾಳಿಯ ಅಲೆಗಳು ಇಳಿದು ಬರುತ್ತವೆ, ಕೋಲ್ಡ್ ಫ್ರಂಟ್ ಅನ್ನುತ್ತಾರೆ. ಅದು ಹತ್ತಿರ ಬಂದ ಹಾಗೆ ಪೂರ್ವದ ಗಾಳಿ ಆಗ್ನೇಯ, ದಕ್ಷಿಣ, ನೈರುತ್ಯ ಅಂತ ತಿರುಗುತ್ತಾ ಹೋಗಿ, ಆಮೇಲೆ ಜೋರಾಗಿ ಪಶ್ಚಿಮ, ವಾಯವ್ಯಕ್ಕೆ ಬರುತ್ತೆ. ಕೊನೆಗೆ ಉತ್ತರ, ಈಶಾನ್ಯದಲ್ಲಿ ಎರಡು ಮೂರು ದಿನ ಬೀಸುತ್ತಾ ಕೂರುತ್ತೆ. ತೊಂದರೆ ಏನೆಂದರೆ ಎಕ್ಸೂಮಾದಲ್ಲಿ ಲಂಗರು ಹಾಕುವ ಜಾಗಗಳು ಹೆಚ್ಚಿನವು ದ್ವೀಪಗಳ ಪಶ್ಚಿಮ ಮಗ್ಗುಲಲ್ಲಿವೆ. ಪೂರ್ವದ ಗಾಳಿಗೆ ದ್ವೀಪವೇ ಗೋಡೆ. ಪಶ್ಚಿಮದ ಗಾಳಿಗೆ ಏನೂ ಅಡ್ಡ ಇಲ್ಲ, ಬೆನ್ನ ಹಿಂದೆಯೇ ಬಂಡೆ. ನಾವು ಶ್ರೌಡ್ ಕೀ ಹತ್ತಿರ ನಿಂತಿದ್ದೆವು. ಫ್ರಂಟ್ ಬರುವುದು ಗೊತ್ತಿತ್ತು. ಆದರೆ ಬೆಳಿಗ್ಗೆ ಬರುತ್ತೆ, ಮುಂಚೆ ಎದ್ದು ಹೊರಟರಾಯಿತು ಅಂದುಕೊಂಡಿದ್ದೆವು. ಬಂದಿದ್ದು ರಾತ್ರಿ ಎರಡು ಗಂಟೆಗೆ.

ಲಂಗರು ಜಾರಿತು. ತಪ್ಪು ನನ್ನದೇ. ನೀರಿನ ಆಳದ ಏಳು ಪಟ್ಟು ಸರಪಳಿ ಬಿಡಬೇಕು ಅಂತ ಕೋರ್ಸಿನಲ್ಲಿ ಹೇಳಿದ್ದರು. ಆಳ ಅಳೆಯುವ ಯಂತ್ರ ಎರಡೂವರೆ ಮೀಟರ್ ತೋರಿಸಿತು, ನಾನು ಹದಿನೇಳೂವರೆ ಮೀಟರ್ ಬಿಟ್ಟು ಮಲಗಿದ್ದೆ. ಆದರೆ ಸರಪಳಿ ಹೊರಡುವುದು ದೋಣಿಯ ಮೂತಿಯಿಂದ, ಅದು ನೀರಿನ ಮೇಲೆ ಒಂದೂವರೆ ಮೀಟರ್ ಇರುತ್ತೆ. ಉಬ್ಬರ ಬಂದರೆ ಇನ್ನೊಂದು ಮೀಟರ್. ಅಲ್ಲಿಗೆ ಒಟ್ಟು ಐದು ಮೀಟರ್, ಬಿಡಬೇಕಿದ್ದದ್ದು 35! ನಾನು ಬಿಟ್ಟಿದ್ದು ಅದರ ಅರ್ಧ. ಬೆಳಗಾಗುವ ತನಕ ಎಂಜಿನ್ ಹಾಕಿಕೊಂಡು ಗಾಳಿಗೆ ಮುಖ ಕೊಟ್ಟು ನಿಂತೆವು, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಈಗ ಲಂಗರು ಹಾಕಿದ ಕೂಡಲೇ ಕನ್ನಡಕ ಹಾಕಿಕೊಂಡು ನೀರಿಗಿಳಿದು ಅದು ಮರಳಿನಲ್ಲಿ ಹೂತಿದೆಯಾ ಅಂತ ಕಣ್ಣಾರೆ ನೋಡುತ್ತೇನೆ. ನೀರು ಅಷ್ಟು ತಿಳಿ, ಕಷ್ಟವೇನಿಲ್ಲ.

ಹಾಗಾಗಿ ಹತ್ತರಲ್ಲಿ ಎರಡು ದಿನವನ್ನು ಫ್ರಂಟಿಗೆ ಅಂತ ತೆಗೆದಿಡಿ. ಮಾರ್ಚ್‌ನಲ್ಲಿ ಒಂದಾದರೂ ಬಂದೇ ಬರುತ್ತೆ ಅಂದುಕೊಂಡೇ ಹೊರಡಿ. ರಜೆ ಏಪ್ರಿಲ್ ಕೊನೆಗೋ ಮೇಗೋ ಬದಲಾಯಿಸಲು ಆದರೆ ಇನ್ನೂ ಒಳ್ಳೆಯದು, ಆಗ ಅವುಗಳ ಕಾಟ ಕಮ್ಮಿ, ಜೂನ್ 1ಕ್ಕೆ ಚಂಡಮಾರುತದ ಕಾಲ ಶುರುವಾಗುವ ಮುಂಚೆ ಮುಗಿಸಿಕೊಂಡು ಬರಬಹುದು.

ದಾರಿ ಬಗ್ಗೆ. ನಸ್ಸೌನಿಂದ ಅಲೆನ್ಸ್ ಕೀ ಇಲ್ಲವೇ ಹೈಬೋರ್ನ್ ಕೀ ಮೊದಲ ದಿನ, 35 ಮೈಲಿ ಆಸುಪಾಸು. ನಡುವೆ ಯೆಲ್ಲೋ ಬ್ಯಾಂಕ್ ಅಂತ ಹವಳದ ಗುಪ್ಪೆಗಳಿರುವ ಜಾಗ ಸಿಗುತ್ತೆ. ಅಲ್ಲಿಗೆ ಸೂರ್ಯ ನೆತ್ತಿಯ ಮೇಲಿರುವಾಗ ತಲುಪುವ ಹಾಗೆ ಹೊರಡಿ, ಒಬ್ಬರು ಮುಂದೆ ನಿಂತು ನೀರು ನೋಡುತ್ತಿರಬೇಕು. ಪೋಲರೈಸ್ಡ್ ತಂಪು ಕನ್ನಡಕ ಬೇಕೇ ಬೇಕು. ಕಡು ನೀಲಿ ಅಂದರೆ ಆಳ, ತಿಳಿ ಹಸಿರು ಅಂದರೆ ಮರಳು, ಕಂದು ಮಚ್ಚೆ ಕಂಡರೆ ಸುತ್ತಿ ಹೋಗಿ. ಒಮ್ಮೊಮ್ಮೆ ಅದು ಬರೀ ಮೋಡದ ನೆರಳಾಗಿರುತ್ತೆ, ಆದರೂ ಸುತ್ತಿ ಹೋಗಿ.

ಆಮೇಲೆ ಶ್ರೌಡ್ ಕೀ, ಕಾಂಡ್ಲಾ ಗಿಡಗಳ ನಡುವಿನ ತೋಡಿನಲ್ಲಿ ಸಣ್ಣ ದೋಣಿ ಬಿಟ್ಟುಕೊಂಡು ಹೋಗಬಹುದು. ಅಲ್ಲಿಂದ ವಾರ್ಡ್ರಿಕ್ ವೆಲ್ಸ್. ಇವೆರಡೂ 1958ರಲ್ಲಿ ಆದ ಸಮುದ್ರ ಉದ್ಯಾನದ ಒಳಗೆ ಬರುತ್ತವೆ, ಮೀನು ಹಿಡಿಯುವಂತಿಲ್ಲ, ಒಂದು ಚಿಪ್ಪೂ ಎತ್ತಿಕೊಳ್ಳುವಂತಿಲ್ಲ. ವಾರ್ಡ್ರಿಕ್ ವೆಲ್ಸ್‌ನಲ್ಲಿ ದೋಣಿ ಕಟ್ಟಲು ತೇಲುಬುರುಡೆಗಳಿವೆ, ಸುತ್ತ ಮರಳದಿಬ್ಬಗಳು ಅಲೆಯನ್ನು ತಡೆಯುತ್ತವೆ. ನಾನಾದರೆ ಫ್ರಂಟಿಗೆ ಅಂತ ತೆಗೆದಿಟ್ಟ ಆ ಎರಡು ದಿನ ಇಲ್ಲೇ ಕಳೆಯುತ್ತೇನೆ. ಜಾಗ ಬೇಗ ತುಂಬುತ್ತೆ, ಮುಂಚೆಯೇ ವಿಚಾರಿಸಿಕೊಳ್ಳಿ. ಸ್ಟಾನಿಯಲ್ ಪಕ್ಕದ ಬಿಗ್ ಮೇಜರ್ ಕೀಯಲ್ಲಿ ಈಜುವ ಹಂದಿಗಳಿವೆ. ಹಂದಿ ನೋಡಲು ಅಷ್ಟು ದೂರ ಹೋಗಬೇಕಾ ಅಂತ ನನ್ನಮ್ಮ ಫೋನಿನಲ್ಲಿ ಕೇಳಿದ್ದರು, ನೋಡಿದ ಮೇಲೆ ನನಗೂ ಹಾಗೇ ಅನ್ನಿಸಿತು. ಕಚ್ಚುತ್ತವೆ, ಹುಷಾರು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ದ್ವೀಪಗಳ ನಡುವಿನ ಸಂದುಗಳಿಂದ ಪೂರ್ವದ ಕಡೆಯ ಆಳ ಸಮುದ್ರಕ್ಕೆ ಸುಮ್ನೆ ನುಗ್ಗಬೇಡಿ. ಗಂಗೊಳ್ಳಿ ಅಳಿವೆ ನೋಡಿದ್ದರೆ ಬೇಗ ಅರ್ಥ ಆಗುತ್ತೆ. ಇಳಿತದ ನೀರು ಒಳಗಿನಿಂದ ಹೊರಗೆ ನುಗ್ಗುವಾಗ ಎದುರಿಂದ ಗಾಳಿ ಬೀಸಿದರೆ ಅಲೆಗಳು ನೆಟ್ಟಗೆ ನಿಲ್ಲುತ್ತವೆ. ನೀವು ಸ್ಟಾನಿಯಲ್ ತನಕ ಹೋದರೆ ಪೂರ್ತಿ ಒಳಗಿನ, ಅಂದರೆ ಪಶ್ಚಿಮದ ಕಡೆಯ, ಆಳ ಕಮ್ಮಿ ಇರುವ ನೀರಿನಲ್ಲೇ ಹೋಗಬಹುದು. ಜಾರ್ಜ್ ಟೌನ್ ಬೇಕೆಂದರೆ ಹೊರಗೆ ಹೋಗಲೇಬೇಕು, ನಾನು ಬೇಡ ಅನ್ನುವುದಕ್ಕೆ ಇದೂ ಕಾರಣ.

ದಿನಸಿ ಎಲ್ಲ ನಸ್ಸೌನಲ್ಲೇ ತುಂಬಿಕೊಳ್ಳಿ. ಚಿಕ್ಕ ದ್ವೀಪಗಳಿಗೆ ಸಾಮಾನು ಬರುವುದು ವಾರಕ್ಕೊಮ್ಮೆ ಬರುವ ಹಡಗಿನಲ್ಲಿ, ಟೊಮೆಟೊ ಇದ್ದರೆ ಇತ್ತು. ಕುಡಿಯುವ ನೀರನ್ನೂ ದುಡ್ಡು ಕೊಟ್ಟೇ ತುಂಬಿಸಬೇಕು, ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಸಿಹಿನೀರು ಹಾಕಿ. ನಮ್ಮ ಕುಕ್ಕರ್ ಮರೆಯಬೇಡಿ, ದೋಣಿ ವಾಲಿದರೂ ಸಾರು ಚೆಲ್ಲುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಅಲೆ ಜೋರಿದ್ದ ದಿನ ಒಲೆ ಹಚ್ಚುವ ಕೆಲಸವೂ ಇಲ್ಲ. ವಾಂತಿಯ ಮಾತ್ರೆ ಹಿಂದಿನ ರಾತ್ರಿಯೇ ತಗೊಳ್ಳಿ, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟು ಉಪಯೋಗ ಇಲ್ಲ. ಭಾರತದ ಪಾಸ್‌ಪೋರ್ಟ್ ಆದರೆ ಬಹಾಮಾಸ್ ವೀಸಾ ಮತ್ತು ವಾಪಸ್ ಬರುವ ವೀಸಾ ಎರಡನ್ನೂ ದೋಣಿಗೆ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.

ದೋಣಿ ಯಾವುದು ಅಂತ ನೀವು ಬರೆದಿಲ್ಲ. ಎರಡು ಒಡಲಿನ ಕ್ಯಾಟಮರಾನಾ, ಒಂದೇ ಒಡಲಿನದಾ? ನೀರಿನ ಕೆಳಗೆ ಎಷ್ಟು ಇಳಿಯುತ್ತೆ? ಎರಡು ಮೀಟರ್ ಇಳಿಯುವ ದೋಣಿ ಆದರೆ ಮೇಲೆ ಹೇಳಿದ ಜಾಗಗಳಲ್ಲಿ ಒಂದೆರಡು ಬದಲಾಯಿಸಬೇಕಾಗುತ್ತೆ, ತಿಳಿಸಿ.