ಸ್ಟ್ರೈಕ್ ಮಾಡಿದರೆ ಜನ ಶಾಪ ಹಾಕ್ತಾರಾ? ಮಾಡಿದವನಾಗಿ ಹೇಳ್ತೀನಿ

ಆಂಬುಲೆನ್ಸ್‌ನಲ್ಲಿ ಕೆಲಸ, ಸಂಬಳಕ್ಕಾಗಿ ಮುಷ್ಕರದ ಮಾತು ನಡೆಯುತ್ತಿದೆ, ಜನ ನಮ್ಮನ್ನು ಕೊಲೆಗಾರರ ಹಾಗೆ ನೋಡ್ತಾರೇನೋ ಅಂತ ನಿಮಗೆ ಭಯ. ನೀವು ಬರೆದದ್ದು ಓದಿದ ತಕ್ಷಣ ಎದೆ ಧಸಕ್ ಅಂತು. ಇದೇ ಭಯದಲ್ಲಿ ನಾನು ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ.

ಆಗ ನಾನು ಗಾಡಿಯ ಹಿಂದೆ ರೋಗಿಯ ಪಕ್ಕ ಕೂತು ತುರ್ತು ಆರೈಕೆ ಮಾಡುವ ಇಎಂಟಿ. ಗುತ್ತಿಗೆ ಕೆಲಸ. ನಾಲ್ಕು ವರ್ಷದಿಂದ ಒಂದೇ ಸಂಬಳ, ಅದರಲ್ಲೂ ಮೂರು ತಿಂಗಳದ್ದು ಬಾಕಿ. ನನ್ನ ಜೊತೆಗಿದ್ದ ಪೈಲಟ್, ಅಂದರೆ ಆಂಬುಲೆನ್ಸ್ ಚಾಲಕ, ಹನ್ನೆರಡು ಗಂಟೆ ಗಾಡಿ ಓಡಿಸಿ, ಆಮೇಲೆ ಇನ್ಯಾರದೋ ಟ್ಯಾಕ್ಸಿ ಓಡಿಸಲು ಹೋಗ್ತಿದ್ದ. ಸೈರನ್ ಹಾಕಿಕೊಂಡು ಹೋಗುವಾಗ ಅವನ ಕಣ್ಣು ಎಳೆಯುತ್ತಿತ್ತು. ನಾನು ಹಿಂದಿನ ಕಿಟಕಿಯಿಂದ ಅವನ ಹೆಸರು ಕೂಗಿ ಕೂಗಿ ಎಚ್ಚರ ಇಡುತ್ತಿದ್ದೆ. ಸಂಬಳ ಜಾಸ್ತಿ ಕೇಳೋದು ದುರಾಸೆ ಅನ್ನುವವರಿಗೆ ನಾನು ಈ ಒಂದು ಮಾತನ್ನೇ ಹೇಳೋದು. ನಿಮ್ಮ ತಾಯಿ ಆ ಗಾಡಿಯಲ್ಲಿ ಮಲಗಿದ್ದರೆ, ಓಡಿಸುವವನು ನಿದ್ದೆ ಮಾಡಿ ಬಂದಿರಬೇಕು ಅಲ್ವಾ?

ಹಾಗಾಗಿ ಮುಷ್ಕರ ಮಾಡಿದೆವು. ಅದರ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ನನ್ನ ತಪ್ಪು ಬೇರೆ.

ಅದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕೆಂದರೆ ನೀವೂ ಅದನ್ನೇ ಮಾಡುವ ಸಾಧ್ಯತೆ ಇದೆ. ನಮ್ಮ ಹತ್ತಿರ ಹದಿನಾಲ್ಕು ಗಾಡಿ ಇದ್ದವು. ನಾಲ್ಕನ್ನು ನಿಲ್ಲಿಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ಎದೆನೋವು, ಲಕ್ವ, ಹೆರಿಗೆ, ದೊಡ್ಡ ಅಪಘಾತ, ಇವಕ್ಕೆ ಗಾಡಿ ಹೋಗಲೇಬೇಕು. ಯಾರ್ಯಾರು ಯಾವ ಶಿಫ್ಟ್ ಅಂತ ಪಟ್ಟಿ ಕೂಡ ಆಗಿತ್ತು. ಕಂಟ್ರೋಲ್ ರೂಮಿಗೆ ತಿಳಿಸಿದೆವು, ಆಸ್ಪತ್ರೆಗಳಿಗೆ ತಿಳಿಸಿದೆವು, ಪೊಲೀಸರಿಗೂ ತಿಳಿಸಿದೆವು. ಜನರಿಗೆ ಹಂಚುವ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಾಲು ಬರೆದಿದ್ದೆ. ಮೊದಲನೆಯದು, ನಾಳೆ ಬೆಳಿಗ್ಗೆ 8 ಗಂಟೆಯಿಂದ ಆಂಬುಲೆನ್ಸ್ ಬಂದ್. ಎರಡನೆಯದು, ಜೀವಕ್ಕೆ ಅಪಾಯ ಇದ್ದರೆ ಅದೇ ನಂಬರಿಗೆ ಫೋನ್ ಮಾಡಿ, ನಾವು ಬರ್ತೀವಿ.

ಕಮಿಟಿಯಲ್ಲಿ ಒಬ್ಬರು ಎರಡನೇ ಸಾಲು ಬೇಡ ಅಂದರು. ಅದನ್ನು ಹಾಕಿದರೆ ಆಡಳಿತದವರು "ನೋಡಿ, ಸೇವೆ ನಡೀತಿದೆ, ತೊಂದರೆ ಏನಿಲ್ಲ" ಅಂತ ಕೈ ತೊಳೆದುಕೊಳ್ತಾರೆ, ಪತ್ರಿಕೆಯವರೂ ಬರಲ್ಲ, ಒತ್ತಡವೇ ಬೀಳಲ್ಲ ಅಂತ ಅವರ ವಾದ. ನನಗೂ ಸರಿ ಅನ್ನಿಸಿತು. ಗಾಡಿ ಹೇಗೂ ಇರುತ್ತೆ, ಕಷ್ಟ ಬಂದವರು ಹೇಗೂ ಫೋನ್ ಮಾಡ್ತಾರೆ, ಆಗ ಕಂಟ್ರೋಲ್ ರೂಮ್‌ನವರು ಕಳಿಸ್ತಾರೆ ಅಂದುಕೊಂಡೆ. ನನ್ನ ಪೆನ್ನಿಂದಲೇ ಆ ಸಾಲಿನ ಮೇಲೆ ಗೀಟು ಎಳೆದೆ.

"ಹೇಗೂ ಫೋನ್ ಮಾಡ್ತಾರೆ" ಅನ್ನೋದೇ ತಪ್ಪು. ಬಂದ್ ಅಂತ ಓದಿದವರು ಯಾಕೆ ಫೋನ್ ಮಾಡ್ತಾರೆ? ಅಂಗಡಿ ಬಾಗಿಲು ಹಾಕಿದೆ ಅಂತ ಗೊತ್ತಿದ್ದವರು ಅಲ್ಲಿಗೆ ನಡೆದುಕೊಂಡು ಹೋಗ್ತಾರಾ? ತಿಳಿಸಬೇಕಾದವರಿಗೆಲ್ಲ ತಿಳಿಸಿ, ಫೋನ್ ಕೈಯಲ್ಲಿ ಹಿಡಿದು ನಿಲ್ಲುವ ಆ ಒಬ್ಬ ಮನುಷ್ಯನಿಗೆ ಮಾತ್ರ ಹೇಳದೇ ಬಿಟ್ಟೆವು.

ಆರು ದಿನ ನಡೆಯಿತು. ಮೊದಲ ಎರಡು ದಿನ ಜನ ಪೆಂಡಾಲ್ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟು ಹೋದರು. ನಾಲ್ಕು ಗಾಡಿಗೆ ಬಂದ ಕರೆಗಳು ಮಾಮೂಲಿಗಿಂತ ಅರ್ಧಕ್ಕೂ ಕಡಿಮೆ. ಜನ ನಮ್ಮ ಕಷ್ಟ ಅರ್ಥ ಮಾಡಿಕೊಂಡು ಸುಮ್ನೆ ಫೋನ್ ಮಾಡ್ತಿಲ್ಲ, ನಮಗೆ ಬೆಂಬಲ ಕೊಡ್ತಿದ್ದಾರೆ ಅಂತ ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಆರನೇ ದಿನ ಬಾಕಿ ಸಂಬಳ ಕೊಡಲು ಒಪ್ಪಿದರು, ಸ್ವಲ್ಪ ಏರಿಕೆಯೂ ಸಿಕ್ಕಿತು. ಶಾಮಿಯಾನ ಬಿಚ್ಚಿ ಡ್ಯೂಟಿಗೆ ಹೋದೆವು.

ಎರಡು ವಾರ ಕಳೆದ ಮೇಲೆ ಒಬ್ಬರನ್ನು ಆಸ್ಪತ್ರೆಯಿಂದ ಮನೆಗೆ ಬಿಡಬೇಕಿತ್ತು. ಬಟ್ಟೆ ಹೊಲಿಯುವವರು. ಲಕ್ವ ಹೊಡೆದು ಬಲಗೈ ಎತ್ತಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಸ್ಟ್ರೆಚರ್ ಮೇಲೆ ಆ ಕೈಯನ್ನು ನಾನೇ ಎತ್ತಿ ಎದೆ ಮೇಲೆ ಇಟ್ಟೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡದಲ್ಲಿ ಚರ್ಮ ಗಟ್ಟಿಯಾಗಿ ಕಪ್ಪಾಗಿತ್ತು. ಮಗಳು ಪಕ್ಕದಲ್ಲಿ ಕೂತಿದ್ದಳು. ಯಾವಾಗ ಆಯ್ತಮ್ಮ ಅಂತ ಕೇಳಿದೆ. ಸ್ಟ್ರೈಕ್‌ನ ಮೂರನೇ ದಿನ ಸಂಜೆ ಅಂದಳು. ಫೋನ್ ಮಾಡಿದ್ದಿರಾ ಅಂದೆ. "ನೀವು ಬರಲ್ಲ ಅಂತ ಚೀಟಿ ಕೊಟ್ಟಿದ್ರಲ್ಲ ಸಾರ್, ಅದಕ್ಕೆ ಪಕ್ಕದ ಮನೆಯವರ ಗೂಡ್ಸ್ ಗಾಡಿಯಲ್ಲಿ ಕರ್ಕೊಂಡು ಹೋದ್ವಿ." ಮೊದಲು ಹತ್ತಿರದ ನರ್ಸಿಂಗ್ ಹೋಮ್. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಅಲ್ಲಿಂದ ಇನ್ನೊಂದು ಕಡೆ. ಸರಿಯಾದ ಆಸ್ಪತ್ರೆ ಸೇರುವಾಗ ರಾತ್ರಿ ಆಗಿತ್ತು.

ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಆಂಬುಲೆನ್ಸ್ ಅಂದರೆ ಬರೀ ವೇಗ ಅಲ್ಲ. ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಗೊತ್ತಿರುವವರು ಅದರೊಳಗೆ ಇರ್ತಾರೆ, ಅದೇ ಮುಖ್ಯ. ರಾತ್ರಿ ಹಳೇ ಲಾಗ್ ಬುಕ್ ತೆಗೆದು ನೋಡಿದೆ. ಆ ದಿನ ಆ ಸಂಜೆ ನಾನೇ ಡ್ಯೂಟಿಯಲ್ಲಿದ್ದೆ. ಅವರ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಗಾಡಿ ನಿಂತಿತ್ತು. ಆಮ್ಲಜನಕ ತುಂಬಿತ್ತು. ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ನನ್ನ ಅಕ್ಷರದಲ್ಲೇ "ಕರೆ ಇಲ್ಲ" ಅಂತ ಬರೆದಿದೆ. ಬೇಗ ಹೋಗಿದ್ದರೆ ಕೈ ಉಳಿಯುತ್ತಿತ್ತು ಅಂತ ಯಾವ ವೈದ್ಯರೂ ನನಗೆ ಹೇಳಿಲ್ಲ. ಆದರೆ ಪ್ರಯತ್ನ ಮಾಡುವ ಅವಕಾಶವನ್ನು ನನ್ನ ಆ ಒಂದು ಗೀಟು ಕಿತ್ತುಕೊಂಡಿತು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಜನ ಏನಂತಾರೆ ಅಂತ ಕೇಳಬೇಡಿ. ಮುಷ್ಕರ ಮಾಡ್ತಾರೆ ಅಂದ ಮಾತ್ರಕ್ಕೆ ಜನ ದ್ವೇಷಿಸಲ್ಲ. ಬ್ರಿಟನ್‌ನಲ್ಲಿ 1989-90ರಲ್ಲಿ ಆಂಬುಲೆನ್ಸ್ ನೌಕರರ ಸಂಬಳದ ಹೋರಾಟ ತಿಂಗಳುಗಟ್ಟಲೆ ನಡೆಯಿತು. ಅವರನ್ನು ಬೆಂಬಲಿಸಿ 40 ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಬೇರೆ ಕೆಲಸಕ್ಕೆ ಒಲ್ಲೆ ಅಂದು ಸಂಬಳ ಕಳೆದುಕೊಂಡ ಎಷ್ಟೋ ಸಿಬ್ಬಂದಿ ತುರ್ತು ಕರೆಗೆ ಮಾತ್ರ ಹೋಗುತ್ತಿದ್ದರು, ಅದು ಜನರಿಗೆ ಕಣ್ಣಾರೆ ಕಾಣಿಸುತ್ತಿತ್ತು. ಮತ್ತೆ ಅಲ್ಲೇ, 2022ರ ಡಿಸೆಂಬರ್ 21ರಂದು ಆಂಬುಲೆನ್ಸ್‌ನವರು ಕೆಲಸ ನಿಲ್ಲಿಸಿದಾಗ, ಪ್ರಾಣಾಪಾಯದ ಕರೆಗಳಿಗೆ ಹೋಗ್ತೀವಿ ಅಂತ ಮೊದಲೇ ಹೇಳಿದ್ದರು. ಕೋವಿಡ್ ಕಾಲದಲ್ಲಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ್ದ ಜನರೇ ಆಗಲೂ ಸಮೀಕ್ಷೆಗಳಲ್ಲಿ ರೈಲ್ವೆಯವರ ಮುಷ್ಕರಕ್ಕಿಂತ ಇವರಿಗೆ ಜಾಸ್ತಿ ಬೆಂಬಲ ಕೊಟ್ಟರು.

ಉಲ್ಟಾ ಆಗಿದ್ದೂ ಇದೆ. 1919ರ ಸೆಪ್ಟೆಂಬರ್ 9ರಂದು ಅಮೆರಿಕದ ಬಾಸ್ಟನ್‌ನಲ್ಲಿ ಮುಕ್ಕಾಲು ಪಾಲು ಪೊಲೀಸರು ಒಟ್ಟಿಗೆ ಕೆಲಸ ಬಿಟ್ಟು ಹೊರಗೆ ಬಂದರು. ಅವರ ಸಂಬಳ ನಿಜವಾಗಿಯೂ ಕಡಿಮೆ, ಠಾಣೆಗಳ ಸ್ಥಿತಿ ಹೇಳತೀರದು. ಆದರೆ ಆ ರಾತ್ರಿ ಅಂಗಡಿಗಳ ಲೂಟಿ ಆಯಿತು, ಜನ ಹೆದರಿದರು, ಬೆಂಬಲ ಹೋಯಿತು. ಎಲ್ಲರನ್ನೂ ಕೆಲಸದಿಂದ ತೆಗೆದು ಹೊಸಬರನ್ನು ಸೇರಿಸಿಕೊಂಡರು. ಹೋರಾಡಿದವರು ಕೇಳಿದ್ದ ಹೆಚ್ಚಿನ ಸಂಬಳ ಆ ಹೊಸಬರಿಗೆ ಸಿಕ್ಕಿತು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ವಿಷಯ. ಸೇವೆ ಮಾಡೋರು ಸಂಬಳ ಕೇಳಬಾರದು ಅನ್ನುವ ಮಾತನ್ನು ನಿಮ್ಮ ಮನೆಯವರೇ ಹೇಳಿದರೂ ಒಪ್ಪಬೇಡಿ. ಕರ್ನಾಟಕದ ಪೊಲೀಸರು 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕ್ತೀವಿ ಅಂದಿದ್ದರು. ಕಾನೂನಿನ ಪ್ರಕಾರ ಪೊಲೀಸರು ಮುಷ್ಕರ ಮಾಡುವಂತಿಲ್ಲ, ಆ ದಿನ ಬಹುತೇಕ ಎಲ್ಲರೂ ಡ್ಯೂಟಿಗೆ ಬಂದರು ಕೂಡ. ಆದರೂ ಅವರ ಸಂಬಳದ ವಿಷಯ ಔರಾದಕರ್ ಸಮಿತಿಯ ಮುಂದೆ ಹೋಯಿತು, 2019ರಲ್ಲಿ ಪರಿಷ್ಕರಣೆಯೂ ಬಂತು. ಕೇಳದೇ ಇದ್ದಿದ್ದರೆ ಬರುತ್ತಿತ್ತಾ? ನಿಮ್ಮ ಹುದ್ದೆಗೆ ಕಾನೂನು ಎಷ್ಟು ಅವಕಾಶ ಕೊಡುತ್ತೆ, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು ಅನ್ನೋದನ್ನು ಮಾತ್ರ ಮೊದಲು ಒಬ್ಬ ವಕೀಲರ ಹತ್ತಿರ ಕೂತು ತಿಳಿದುಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ನಂಬಿ ಹೊರಡಬೇಡಿ.

ಯಾವ ಗಾಡಿ ಓಡುತ್ತೆ, ಯಾರು ಕೂರ್ತಾರೆ ಅನ್ನುವ ಪಟ್ಟಿ ಕೈಗೆ ಬರುವವರೆಗೆ ತಾರೀಖು ಇಡಬೇಡಿ. ಕಮಿಟಿಯಲ್ಲಿ ಯಾರಾದರೂ ಒತ್ತಡ ಕಡಿಮೆಯಾಗುತ್ತೆ ಅಂದರೆ ಎದ್ದು ನಿಂತು ಜಗಳ ಆಡಿ. ನಾನು ಆಡಲಿಲ್ಲ. ಕರಪತ್ರದಲ್ಲಿ ನಿಮ್ಮ ಸಂಬಳದ ಲೆಕ್ಕ ಆಮೇಲೆ ಬರಲಿ. ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಆ ಎರಡನೇ ಸಾಲು ಬರೆಯಿರಿ. ಜೀವಕ್ಕೆ ಅಪಾಯ ಇದ್ದರೆ ಅದೇ ನಂಬರಿಗೆ ಫೋನ್ ಮಾಡಿ, ನಾವು ಬರ್ತೀವಿ.