ಜಾಝ್ ಹಾಡುವವರು ಒಪೆರಾ ಹಾಡಬಾರದೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ‘ಮುಂಬರುವ ಕಾರ್ಯಕ್ರಮಗಳು’ ಪುಟದಲ್ಲಿ ಒಬ್ಬರೇ ಗಾಯಕಿಯ ಎರಡು ಕಾರ್ಯಕ್ರಮಗಳನ್ನು ಅಕ್ಕಪಕ್ಕದಲ್ಲಿ ಹಾಕಿದ್ದೆವು. ಮೊದಲನೆಯದು ಸಣ್ಣ ತಂಡದೊಂದಿಗೆ ಜಾಝ್. ಕೆಲವು ವಾರಗಳ ನಂತರ, ಎರಡು ಸಂಸ್ಕೃತಿಗಳ ಸಂಗೀತವನ್ನು ಒಟ್ಟಿಗೆ ತರುವ ಹೊಸ ಒಪೆರಾದಲ್ಲಿ, ಎಂದರೆ ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುವ ಪಾಶ್ಚಾತ್ಯ ಸಂಗೀತ ನಾಟಕದಲ್ಲಿ, ಮುಖ್ಯ ಪಾತ್ರ. ಅದನ್ನು ಓದಿ ನೀವು ಸಿಟ್ಟಿನಿಂದಲೇ ಬರೆದಿದ್ದೀರಿ: ‘ಎರಡು ದೋಣಿಯಲ್ಲಿ ಕಾಲಿಟ್ಟರೆ ಗಂಟಲೂ ಕೆಡುತ್ತದೆ, ಸಂಗೀತವೂ ಕೆಡುತ್ತದೆ. ಈ ಬೆರಕೆಗೆ ಪತ್ರಿಕೆ ಜಾಗ ಕೊಡುವುದೇಕೆ?’ ಪತ್ರದ ಕೊನೆಯಲ್ಲಿ ಮಾತ್ರ, ‘ಒಂದಕ್ಕೇ ಹೋಗುವುದಾದರೆ ಯಾವುದಕ್ಕೆ ಹೋಗಲಿ?’ ಎಂದಿದ್ದೀರಿ. ಆ ಪ್ರಶ್ನೆಯ ಕಾರಣಕ್ಕೇ ಉತ್ತರ ಇಷ್ಟು ಉದ್ದವಾಯಿತು. ಇನ್ನೂ ಹಾಡದ ಹಾಡಿಗೆ ವಿಮರ್ಶೆ ಬರೆಯಲಾಗದು. ಹಾಗಾಗಿ ಆ ಗಾಯಕಿಯನ್ನು ಬಿಟ್ಟು ಅವರು ಹಿಡಿದಿರುವ ದಾರಿಯ ಬಗ್ಗೆ ಬರೆಯುತ್ತೇನೆ.

ಮೊದಲು ಗಂಟಲಿನ ಮಾತು. ಒಪೆರಾ ಗಾಯಕರು ಹಿಂದಿನಿಂದಲೂ ಮೈಕ್ ಇಲ್ಲದೆ ಹಾಡುವವರು. ಹತ್ತಾರು ವಾದ್ಯಗಳ ಸದ್ದನ್ನು ದಾಟಿ ಕೊನೆಯ ಸಾಲಿಗೂ ಕೇಳಿಸಬೇಕು. ಬರೀ ಜೋರಿನಿಂದ ಇದು ಸಾಧ್ಯವಿಲ್ಲ. ಆರ್ಕೆಸ್ಟ್ರಾದ ಸದ್ದು ದಟ್ಟವಾಗಿರುವುದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ, ಮೇಲೆ ಹೋದಂತೆ ತೆಳುವಾಗುತ್ತದೆ. ಪಳಗಿದ ಗಾಯಕರು ಧ್ವನಿಪೆಟ್ಟಿಗೆಯನ್ನು ತುಸು ಕೆಳಗಿಳಿಸಿ, 3000 ಹರ್ಟ್ಸ್ ಸುತ್ತಮುತ್ತ ದನಿಗೆ ಒಂದು ಮೊನಚು ತಂದುಕೊಳ್ಳುತ್ತಾರೆ. ವಾದ್ಯಗಳು ತೆರವು ಬಿಟ್ಟ ಜಾಗದಲ್ಲಿ ದನಿ ನುಸುಳಿ ಹೊರಬರುತ್ತದೆ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಇದು ಗಂಡುದನಿಗಳಲ್ಲಿ ಹೆಚ್ಚು ಸ್ಪಷ್ಟ. ಎತ್ತರದ ಸ್ವರಗಳಲ್ಲಿ ಸೊಪ್ರಾನೋಗಳ, ಅಂದರೆ ಅತಿ ಎತ್ತರದ ಹೆಣ್ಣುದನಿಯವರ, ಉಪಾಯವೇ ಬೇರೆ: ಬಾಯಿಯನ್ನು ಅಗಲಿಸಿ ಬಾಯೊಳಗಿನ ಅನುರಣನವನ್ನು ಹಾಡುವ ಸ್ವರಕ್ಕೇ ಹೊಂದಿಸುತ್ತಾರೆ. ಆಗ ಮಾತು ಮಸುಕಾಗುತ್ತದೆ, ಅಕಾರ ಇಕಾರ ಎಲ್ಲ ಒಂದೇ ಥರ ಕೇಳಿಸುತ್ತವೆ. 1983ರಲ್ಲಿ ಟೊರಾಂಟೋದ ಕೆನೇಡಿಯನ್ ಒಪೆರಾ ಕಂಪನಿ ರಂಗದ ಮೇಲ್ಗಡೆ ಸಾಹಿತ್ಯದ ಸಾಲುಗಳನ್ನು ತೋರಿಸಲು ಶುರುಮಾಡಿದಾಗ, ಆ ಭಾಷೆ ಬಲ್ಲವರೂ ಒಳಗೊಳಗೇ ಖುಷಿಪಟ್ಟಿರಬೇಕು.

ಜಾಝ್‌ನಲ್ಲಿ ಇದೆಲ್ಲ ತಿರುವುಮುರುವು. 1925ರ ಹೊತ್ತಿಗೆ ಮೈಕಿನ ಧ್ವನಿಮುದ್ರಣ ಬಂದ ಮೇಲೆ ಸಣ್ಣ ದನಿಗೂ ಬೆಲೆ ಬಂತು. ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರದು ದೊಡ್ಡ ಕಂಠವೇನಲ್ಲ. ತಾಳದ ಪೆಟ್ಟು ಬಿದ್ದು ಒಂದು ಕ್ಷಣ ಕಳೆದ ಮೇಲೆ, ಆತುರವಿಲ್ಲದೆ ಸಾಲು ಎತ್ತಿಕೊಳ್ಳುವ ರೀತಿಯಲ್ಲೇ ಅವರ ಗಾಯನವೆಲ್ಲ ಇತ್ತು. ಒಪೆರಾದಲ್ಲಿ ದನಿಯ ಕಂಪನ ಸ್ವರದುದ್ದಕ್ಕೂ ಇರುತ್ತದೆ. ಜಾಝ್‌ನಲ್ಲಿ ಸ್ವರವನ್ನು ನೇರವಾಗಿ ಹಿಡಿದು, ಬೇಕೆನಿಸಿದರೆ ಕೊನೆಗೆ ಸ್ವಲ್ಪ ಅಲುಗಿಸುತ್ತಾರೆ.

ಒಂದೇ ಗಂಟಲು ಇವೆರಡನ್ನೂ ಕಲಿಯಬಲ್ಲದು. ಕೆಡುವುದು ಒಂದರ ರೂಢಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದಾಗ, ಇಲ್ಲವೇ ಡ್ರಮ್ಸ್ ಪಕ್ಕದಲ್ಲಿ ತನ್ನ ದನಿ ತನಗೇ ಕೇಳದೆ ಅರಚಿದಾಗ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೇ ದನಿ ಏರಿಸುತ್ತಾನೆ ಎಂಬುದನ್ನು ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದರು. ಗಾಯಕಿಯ ಕಡೆಗೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರ್ ಅಲ್ಲಿರುವುದು ಅದಕ್ಕೇ. ನಿಮ್ಮ ಆತಂಕಕ್ಕೆ ಬುಡವೇ ಇಲ್ಲ ಎನ್ನಲಾರೆ: ಎರಡು ಕಾರ್ಯಕ್ರಮಗಳ ನಡುವೆ ವಾರಗಳಿದ್ದರೂ ಒಪೆರಾದ ರಿಹರ್ಸಲ್ ನಡೆಯುವುದು ಅವೇ ವಾರಗಳಲ್ಲಿ.

ಇನ್ನು ಬೆರಕೆ. ನೀವು ಶುದ್ಧ ಜಾಝ್ ಎಂದು ಉದಾಹರಿಸಿದ ‘ಸಮ್ಮರ್‌ಟೈಮ್’ ಹುಟ್ಟಿದ್ದೇ ಒಪೆರಾದಲ್ಲಿ! ಅಮೆರಿಕದ ಸಂಯೋಜಕ ಜಾರ್ಜ್ ಗರ್ಶ್ವಿನ್ ಅವರ ‘ಪೋರ್ಗಿ ಆಂಡ್ ಬೆಸ್’ 1935ರಲ್ಲಿ ರಂಗಕ್ಕೆ ಬಂತು. ಅದರ ಶುರುವಿನಲ್ಲಿ ಕ್ಲಾರಾ ಎಂಬ ತಾಯಿ, ಮಗುವನ್ನು ಮಲಗಿಸುತ್ತಾ ಸೊಪ್ರಾನೋ ದನಿಯಲ್ಲಿ ಹಾಡುವ ಜೋಗುಳ ಅದು. ಮರುವರ್ಷವೇ ಹಾಲಿಡೇ ಅದನ್ನು ಹಾಡಿ ರೆಕಾರ್ಡ್ ಮಾಡಿದರು, ಆಮೇಲೆ ಜಾಝ್‌ನವರು ಅದನ್ನು ವಾಪಸ್ ಕೊಡಲೇ ಇಲ್ಲ. ಅತ್ತ ಒಪೆರಾ ಗಾಯಕಿ ಐಲೀನ್ ಫ್ಯಾರೆಲ್ 1960ರಲ್ಲಿ ಬ್ಲೂಸ್ (ಜಾಝ್‌ನ ಬೇರಿನಲ್ಲಿರುವ ಕಪ್ಪು ಅಮೆರಿಕನ್ನರ ಗಾಯನ) ಹಾಡುಗಳ ಆಲ್ಬಮ್ ತಂದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಅವರು ಮೊದಲು ಹಾಡಿದ್ದೂ ಅದೇ ವರ್ಷ. ಅದೇ ಮೆಟ್, 2021ರಲ್ಲಿ ಜಾಝ್ ಟ್ರಂಪೆಟ್ ವಾದಕ ಟೆರೆನ್ಸ್ ಬ್ಲಾಂಚರ್ಡ್ ಅವರ ‘ಫೈರ್ ಶಟ್ ಅಪ್ ಇನ್ ಮೈ ಬೋನ್ಸ್’ ಆಡಿತು. ಆರ್ಕೆಸ್ಟ್ರಾದ ನಡುವೆಯೇ ಒಂದು ಜಾಝ್ ತಂಡ ಕೂತಿತ್ತು. 1883ರಲ್ಲಿ ಶುರುವಾದ ಆ ಸಂಸ್ಥೆ ಕಪ್ಪು ಸಂಯೋಜಕರೊಬ್ಬರ ಒಪೆರಾ ಆಡಿದ್ದು ಅದೇ ಮೊದಲು. ಬೆರಕೆಯ ಬಗ್ಗೆ ಸಿಟ್ಟಾಗುವ ಮೊದಲು ಈ ತಡದ ಬಗ್ಗೆ ಸಿಟ್ಟಾಗಬಹುದಿತ್ತು.

ಆದರೂ ನಿಮ್ಮ ಪತ್ರದ ಒಂದು ವಾಕ್ಯವನ್ನು ನಾನು ತಳ್ಳಿಹಾಕಲಾರೆ: ‘ನಾಲ್ಕು ಹೊರಗಿನ ವಾದ್ಯ ತಂದು ಕೂರಿಸಿದರೆ ಸಂಸ್ಕೃತಿ ಸಂಗಮವಾಗುತ್ತದೆಯೇ?’ ಆಗುವುದಿಲ್ಲ. ಹಾಗೆ ಬಣ್ಣಕ್ಕೆಂದು ವಾದ್ಯ ಸೇರಿಸಿದ ಕೃತಿಗಳು ಬೇಕಾದಷ್ಟಿವೆ, ಅವನ್ನು ಕೇಳಿ ನನಗೂ ಆಕಳಿಕೆ ಬಂದಿದೆ. ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1980ರಲ್ಲಿ ರಾಟರ್‌ಡ್ಯಾಮಿನಲ್ಲಿ ಮೊದಲು ಆಡಿದ ಈ ಒಪೆರಾದಲ್ಲಿ ಸಿತಾರಿಲ್ಲ, ತಬಲಾ ಇಲ್ಲ. ಇರುವುದು ತಂತಿವಾದ್ಯ, ಮರದ ಊದುವಾದ್ಯ, ಒಂದು ಆರ್ಗನ್. ಆದರೆ ಹಾಡುವುದೆಲ್ಲ ಭಗವದ್ಗೀತೆಯ ಸಂಸ್ಕೃತ. ಗ್ಲಾಸ್ 1960ರ ದಶಕದಲ್ಲಿ ಸಿತಾರ್ ವಾದಕ ರವಿಶಂಕರ್ ಮತ್ತು ತಬಲಾ ವಾದಕ ಅಲ್ಲಾ ರಖಾ ಅವರ ಜೊತೆ ಕೆಲಸ ಮಾಡಿ ಲಯವನ್ನು ಕೂಡಿಸುತ್ತಾ ಬೆಳೆಸುವುದನ್ನು ಕಲಿತವರು. ಬೇರೆ ಸಂಸ್ಕೃತಿಯ ಸಂಗೀತ ಅಲ್ಲಿ ಸಂಯೋಜನೆಯ ಎಲುಬಿಗೇ ಇಳಿದಿದೆ.

ಗಾಯಕಿಯ ಕಡೆಯಿಂದ ನೋಡಿದರೆ ಪ್ರಶ್ನೆ ಇನ್ನೂ ಸರಳ. ಆಕೆಯ ಕಂಠ ಹೇಗಿದೆಯೋ ಹಾಗೇ ಹಾಡಲು ಕೃತಿ ಬಿಡುತ್ತದೆಯೇ? ಕರ್ನಾಟಕ ಸಂಗೀತದ ಗಾಯಕಿ ಆರ್. ಎ. ರಮಾಮಣಿಯವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ಹಾಡಿದ ಆಲ್ಬಮ್ ‘ಜ್ಯೋತಿ’ (1983) ಕೇಳಿ. ಸ್ಯಾಕ್ಸೊಫೋನ್ ಪಕ್ಕದಲ್ಲಿದೆ ಎಂದು ಅವರು ತಮ್ಮ ಗಮಕವನ್ನು ನೆಟ್ಟಗೆ ಮಾಡಿಕೊಳ್ಳಲಿಲ್ಲ. ನಾಗಸ್ವರ ಕಲಿತಿದ್ದ ಮಾರಿಯಾನೋ ತಾವೇ ಆ ಕಡೆಗೆ ಬಾಗಿದರು. ಜಾಝ್ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಸಂಗೀತ ಕೊಟ್ಟ ‘ಇಫಿಜೀನಿಯಾ’ (2021) ಒಪೆರಾದಲ್ಲಿ ಜಾಝ್ ಗಾಯಕಿ ಎಸ್ಪರಾಂಜಾ ಸ್ಪಾಲ್ಡಿಂಗ್ ಸಾಹಿತ್ಯವನ್ನೂ ಬರೆದು ಹಾಡಿದರು, ಆರ್ಕೆಸ್ಟ್ರಾ ಜೊತೆ ಜಾಝ್ ವಾದಕರು ಆ ಕ್ಷಣದಲ್ಲೇ ಹೊಸೆದು ನುಡಿಸುವ ಮನೋಧರ್ಮಕ್ಕೂ ಅಲ್ಲಿ ಜಾಗವಿತ್ತು. ಅಮೆರಿಕದ ಗಾಯಕಿ ರಿಯಾನನ್ ಗಿಡೆನ್ಸ್ ಒಪೆರಾ ಗಾಯನ ಕಲಿತು, ಬ್ಯಾಂಜೊ ಎಂಬ ತಂತಿವಾದ್ಯ ಹಿಡಿದು ಜನಪದ ಸಂಗೀತಕ್ಕೆ ಹೋದವರು. ಸೆನೆಗಲ್ ಕಡೆಯಿಂದ ಅಮೆರಿಕಕ್ಕೆ ಗುಲಾಮನಾಗಿ ಒಯ್ಯಲ್ಪಟ್ಟು, 1831ರಲ್ಲಿ ಅರಬಿಯಲ್ಲಿ ಆತ್ಮಕಥೆ ಬರೆದ ವಿದ್ವಾಂಸ ಒಮರ್ ಇಬ್ನ್ ಸಯೀದ್ ಅವರ ಕಥೆಯನ್ನು ಗಿಡೆನ್ಸ್ ಅವರು ಸಂಯೋಜಕ ಮೈಕಲ್ ಏಬಲ್ಸ್ ಜೊತೆಗೂಡಿ ಒಪೆರಾ ಮಾಡಿದರು. ‘ಒಮರ್’ಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ 2023ರಲ್ಲಿ ಬಂತು. ಒಂದೇ ದಾರಿಯಲ್ಲಿ ನಡೆದವರಿಗೆ ಇಂಥ ಕೃತಿ ಹೊಳೆಯುತ್ತಿತ್ತೇ ಎಂಬ ಅನುಮಾನ ನನಗಿದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ಎರಡಕ್ಕೂ ಹೋಗಲಾದರೆ ಜಾಝ್ ಮೊದಲೇ ಬರುವುದು ಅನುಕೂಲವೇ ಆಯಿತು. ಅವರ ಸಹಜ ದನಿ ಕಿವಿಯಲ್ಲಿ ಕೂತರೆ, ಒಪೆರಾದಲ್ಲಿ ಎಲ್ಲಿ ಅದನ್ನು ಬಿಟ್ಟುಕೊಟ್ಟರು, ಎಲ್ಲಿ ಉಳಿಸಿಕೊಂಡರು ಎಂಬುದು ತಾನಾಗಿ ತಿಳಿಯುತ್ತದೆ. ಒಂದಕ್ಕೇ ಎಂದಾದರೆ ಒಪೆರಾಕ್ಕೆ ಹೋಗಿ. ಜಾಝ್ ಅವರು ಮತ್ತೆ ಹಾಡುತ್ತಾರೆ. ಹೊಸ ಒಪೆರಾಗಳಲ್ಲಿ ಬಹಳಷ್ಟಕ್ಕೆ ಎರಡನೇ ಅವಕಾಶ ಸಿಗುವುದಿಲ್ಲ, ಅಷ್ಟು ಜನರನ್ನು ಮತ್ತೆ ಕಲೆಹಾಕುವ ಖರ್ಚು ಯಾರೂ ಹೊರುವುದಿಲ್ಲ. ಕಥಾಸಾರ ಓದಿಕೊಂಡು ಹೋಗಿ. ಟಿಕೆಟ್ ಕೊಳ್ಳುವಾಗಲೇ ಗಾಯಕರಿಗೆ ಮೈಕ್ ಇದೆಯೇ ಎಂದು ವಿಚಾರಿಸಿ, ಈಚಿನ ಕೆಲವು ಒಪೆರಾಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ತೀರಾ ಪಕ್ಕದ ಸೀಟು ಬೇಡ, ನಡುವಿನ ಸಾಲಿನದೇ ಕೇಳಿ ತೆಗೆದುಕೊಳ್ಳಿ.

— ಸಂ.