ಪವರ್ ಪ್ರೆಸ್ಸಿಗೆ ಕೈಗವಸು ಹುಡುಕಬೇಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಕೈಗಾರಿಕಾ ಸುರಕ್ಷತೆ

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಹತ್ತಿರವಾದಂತೆ ಸುರಕ್ಷತಾ ಸಮ್ಮೇಳನ ಮತ್ತು ಪ್ರದರ್ಶನಗಳ ಬಗ್ಗೆ ಪತ್ರಗಳು ಬರತೊಡಗುತ್ತವೆ. ಪ್ರತಿ ವರ್ಷ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಈ ಸಲ ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ, ಏಕೆಂದರೆ ಅದರ ಹಿಂದೆ ಕಳೆದುಹೋದ ಬೆರಳುಗಳಿವೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಬೇಕೇ, ಹವಾಯಿ ಚಪ್ಪಲಿಯಲ್ಲಿ ಕಾರ್ಖಾನೆಗೆ ಬಿಡಬಹುದೇ ಎಂಬಂಥವನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಕಾರ್ಖಾನೆ. ತಗಡನ್ನು ಒತ್ತಿ ಕತ್ತರಿಸುವ, ಆಕಾರ ಕೊಡುವ ಪವರ್ ಪ್ರೆಸ್‌ಗಳಲ್ಲಿ ಒಂದೇ ವರ್ಷದಲ್ಲಿ ಇಬ್ಬರ ಬೆರಳು ಹೋಗಿವೆ. ಸುರಕ್ಷತಾ ಪ್ರದರ್ಶನಕ್ಕೆ ಹೋಗಿ ಒಳ್ಳೆಯ ಕೈಗವಸು ನೋಡಿಕೊಂಡು ಬಾ ಎಂದು ಮಾಲೀಕರು ಹೇಳಿದ್ದಾರೆ. ಯಾವ ಕಂಪನಿಯದು ಕೊಳ್ಳಲಿ? ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಕಿರಣಗಳ ಪರದೆ) ಹಾಕಿಸಿದರೆ ಬೇರೇನೂ ಬೇಡ ಎಂದೂ ಒಬ್ಬರು ಹೇಳಿದರು.

ಉತ್ತರ: ಯಾವ ಕಂಪನಿಯದನ್ನೂ ಕೊಳ್ಳಬೇಡಿ. ಡೈ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚಿನ ನಡುವೆ ಸಿಕ್ಕ ಬೆರಳನ್ನು ಉಳಿಸುವ ಕೈಗವಸನ್ನು ಇದುವರೆಗೆ ಯಾರೂ ಮಾಡಿಲ್ಲ. ಗವಸಿನ ಹಿಂಬದಿಯಲ್ಲಿ ಇಎನ್ 388 ಎಂದು ಬರೆದು ಕೆಳಗೆ ಅಂಕಿ, ಅಕ್ಷರಗಳನ್ನು ಮುದ್ರಿಸಿರುತ್ತಾರೆ. ಅದು ಉಜ್ಜಿದರೆ, ಕೊಯ್ದರೆ, ಎಳೆದು ಹರಿದರೆ, ಚುಚ್ಚಿದರೆ ಎಷ್ಟು ತಾಳುತ್ತದೆ ಎಂಬುದರ ಲೆಕ್ಕ. ಐವತ್ತು ಟನ್ನಿನ ಪ್ರೆಸ್ಸನ್ನು ತಾಳುತ್ತದೆ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ತಗಡಿನ ಅಂಚು ಕೈ ಕೊಯ್ಯದಿರಲಿ ಎಂದು ಗವಸು ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಗವಸಿದೆಯಲ್ಲ ಎಂಬ ಧೈರ್ಯದಲ್ಲಿ ಕೆಲಸಗಾರ ಡೈ ಒಳಗೆ ಕೈಯಿಟ್ಟರೆ ನೀವು ಅವನಿಗೆ ಕೊಟ್ಟದ್ದು ಅಪಾಯವನ್ನೇ. ಡ್ರಿಲ್ಲಿಂಗ್ ಯಂತ್ರ, ಲೇಥ್‌ಗಳ ಹತ್ತಿರವಂತೂ ಗವಸು ಕೂಡದೇ ಕೂಡದು. ತಿರುಗುವ ಬಿಟ್ ಗವಸಿನ ತುದಿಯನ್ನು ಹಿಡಿದರೆ ಕೈಯನ್ನೂ ಸೇರಿಸಿ ಸುತ್ತಿಕೊಳ್ಳುತ್ತದೆ.

ನಿಮ್ಮ ಮಾಲೀಕರೊಬ್ಬರನ್ನೇ ದೂರುವುದಿಲ್ಲ. ಪ್ರದರ್ಶನದ ಸಭಾಂಗಣವೇ ಜನರಿಗೆ ಹಾಗೆ ಯೋಚಿಸಲು ಕಲಿಸುತ್ತದೆ. ಸುರಕ್ಷತೆಯ ಕ್ರಮ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ: ಮೊದಲು ಅಪಾಯವನ್ನೇ ತೆಗೆಯಬೇಕು, ಆಗದಿದ್ದರೆ ಕೆಲಸದ ವಿಧಾನ ಬದಲಿಸಬೇಕು, ಅದೂ ಆಗದಿದ್ದರೆ ಯಂತ್ರಕ್ಕೆ ತಡೆ ಹಾಕಬೇಕು, ಆಮೇಲೆ ನಿಯಮ ಮತ್ತು ತರಬೇತಿ, ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ಟು, ಗವಸು, ಮಾಸ್ಕು. ಸಭಾಂಗಣದೊಳಗೆ ಈ ಕ್ರಮ ತಲೆಕೆಳಗಾಗಿರುತ್ತದೆ. ಬಾಗಿಲಲ್ಲೇ ಶೂ, ಗವಸು, ಹೊಳೆಯುವ ಜಾಕೆಟ್ಟುಗಳ ದೊಡ್ಡ ಮಳಿಗೆಗಳು, ಯಂತ್ರಕ್ಕೆ ಹಾಕುವ ತಡೆಯನ್ನು, ಅಂದರೆ ಗಾರ್ಡ್ ಮಾಡುವವನು ಹಿಂದಿನ ಸಾಲಿನ ಮೂಲೆಯಲ್ಲಿ. ಶೂ ಸವೆಯುತ್ತದೆ, ಗವಸು ಹರಿಯುತ್ತದೆ, ಮತ್ತೆ ಮತ್ತೆ ಕೊಳ್ಳಲೇಬೇಕು. ಗಾರ್ಡನ್ನು ಒಂದೊಂದು ಪ್ರೆಸ್ಸಿಗೂ ಅಳತೆ ತೆಗೆದು ಮಾಡಬೇಕು, ಒಮ್ಮೆ ಮಾಡಿದರೆ ವರ್ಷಗಟ್ಟಲೆ ಇರುತ್ತದೆ. ದೊಡ್ಡ ಮಳಿಗೆಯ ಬಾಡಿಗೆ ಕೊಡುವ ಲಾಭ ಅದರಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ನೀವು ಹಿಂದಿನ ಸಾಲಿನಿಂದ ಶುರುಮಾಡಿ.

ಈಗ ಲೈಟ್ ಕರ್ಟನ್. ನನಗೆ ತಾಳ್ಮೆ ಕೆಡುವುದು ಇಲ್ಲಿಯೇ. ಸಣ್ಣ ಕಾರ್ಖಾನೆಗಳಲ್ಲಿರುವ ಹಳೆಯ ಸಿ-ಫ್ರೇಮ್ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೋಲಿಂಗ್ ಕೀ ಅಥವಾ ಪಿನ್ ಕ್ಲಚ್. ಪೆಡಲ್ ಒತ್ತಿದೊಡನೆ ಆ ಕೀಲಿ ಸದಾ ತಿರುಗುತ್ತಿರುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವ್ಹೀಲಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿಕೊಂಡಿತೆಂದರೆ ಮೇಲಿನಿಂದ ಒತ್ತುವ ಭಾಗವಾದ ರ‍್ಯಾಮ್ ಪೂರ್ತಿ ಕೆಳಗಿಳಿದು ಮೇಲೆ ಬಂದ ಮೇಲೆಯೇ ನಿಲ್ಲುವುದು. ನಡುದಾರಿಯಲ್ಲಿ ಅದನ್ನು ನಿಲ್ಲಿಸುವ ಉಪಾಯವೇ ಆ ಯಂತ್ರದಲ್ಲಿಲ್ಲ. ಲೈಟ್ ಕರ್ಟನ್ ಮಾಡುವುದಿಷ್ಟೇ: ಕೈ ಅಡ್ಡ ಬಂದುದನ್ನು ಕಂಡು ‘ನಿಲ್ಲು’ ಎಂಬ ಸಂದೇಶ ಕಳಿಸುವುದು. ನಿಲ್ಲಲಾರದ ಯಂತ್ರಕ್ಕೆ ಆ ಸಂದೇಶ ಕಳಿಸಿ ಏನು ಫಲ? ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಬೆರಳು ಹೋಗುತ್ತದೆ. ಕೀ ಕ್ಲಚ್ಚಿನ ಪ್ರೆಸ್ಸಿಗೆ ಲೈಟ್ ಕರ್ಟನ್ ಮಾರುವವನು ತಿಳಿಯದೆ ಮಾರಿದರೂ ತಪ್ಪು, ತಿಳಿದು ಮಾರಿದರೆ ಅದು ಮೋಸ. ಮಳಿಗೆಯವನು ಕೇಳಬೇಕಾದ ಮೊದಲ ಪ್ರಶ್ನೆ ‘ನಿಮ್ಮ ಪ್ರೆಸ್ಸಿನ ಕ್ಲಚ್ ಯಾವುದು’ ಎಂಬುದು. ಅದನ್ನು ಕೇಳದೆ ಬೆಲೆಪಟ್ಟಿ ತೆಗೆದರೆ ಅಲ್ಲಿ ನಿಲ್ಲಬೇಡಿ. ಯಾವ ಕ್ಲಚ್ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಹೊರಡುವ ಮುನ್ನ ನಿಮ್ಮ ಫಿಟ್ಟರ್‌ನನ್ನು ಕೇಳಿ, ನಿಂತಲ್ಲೇ ಹೇಳುತ್ತಾನೆ.

ಗಾಳಿಯ ಒತ್ತಡದಿಂದ ನಡೆಯುವ ಫ್ರಿಕ್ಷನ್ ಕ್ಲಚ್ಚೂ ಬ್ರೇಕೂ ಇದ್ದರೆ, ಅಥವಾ ಹೈಡ್ರಾಲಿಕ್ ಪ್ರೆಸ್ ಆಗಿದ್ದರೆ, ಲೈಟ್ ಕರ್ಟನ್ ನಿಜಕ್ಕೂ ಕೈ ಉಳಿಸುತ್ತದೆ. ಆದರೆ ದೂರದ ಲೆಕ್ಕ ಸರಿಯಿರಬೇಕು. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಒಳನುಗ್ಗುತ್ತದೆ ಎಂದು ಹಿಡಿಯುತ್ತಾರೆ. ಸಂದೇಶ ಹೊರಟು ರ‍್ಯಾಮ್ ನಿಲ್ಲುವವರೆಗೆ 0.2 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಕೈ 400 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಬೆರಳನ್ನೇ ಗುರುತಿಸಬಲ್ಲ 14 ಮಿಲಿಮೀಟರಿನ ಕರ್ಟನ್ ಆದರೂ ಡೈಯಿಂದ 400 ಮಿಲಿಮೀಟರಿಗಿಂತ ಹತ್ತಿರ ಕೂರಿಸುವಂತಿಲ್ಲ. ಕಿರಣಗಳ ನಡುವಿನ ಅಂತರ ಹೆಚ್ಚಿದ್ದರೆ ಇನ್ನೂ ದೂರ. ಬ್ರೇಕ್ ಲೈನಿಂಗ್ ಸವೆದಂತೆ ನಿಲ್ಲುವ ಸಮಯ ಹೆಚ್ಚುತ್ತದೆ, ದೂರವೂ ಹೆಚ್ಚಬೇಕು. ‘ನಮ್ಮ ಕಾರ್ಖಾನೆಗೆ ಬಂದು ನಿಲ್ಲುವ ಸಮಯವನ್ನು ಮೀಟರ್ ಹಾಕಿ ಅಳೆದುಕೊಡುತ್ತೀರಾ, ಬರಹದಲ್ಲಿ ಕೊಡುತ್ತೀರಾ’ ಎಂದು ಕೇಳಿ. ಸುರಕ್ಷತೆಯ ಅತಿ ಮೇಲಿನ ದರ್ಜೆಯಾದ ಟೈಪ್ 4 ಕರ್ಟನ್ನೇ ಬೇಕು ಎಂದೂ ಹೇಳಿ. ಎರಡು ಕೈ ಬಟನ್‌ಗಳ ವ್ಯವಸ್ಥೆ ತೋರಿಸಿದರೆ, ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತದಿದ್ದರೆ ಪ್ರೆಸ್ ಹೊಡೆಯಬಾರದು. ಒಂದನ್ನು ಕಡ್ಡಿ ಸಿಕ್ಕಿಸಿ ಒತ್ತಿಟ್ಟು ಇನ್ನೊಂದರಿಂದ ನಡೆಸಿ ತೋರಿಸಿ ಎನ್ನಿ. ನಡೆದರೆ ಅದನ್ನು ಕೊಳ್ಳಬೇಡಿ, ನಿಮ್ಮ ಕಾರ್ಖಾನೆಯಲ್ಲಿ ಮೂರನೆಯ ದಿನವೇ ಆ ಕಡ್ಡಿ ಬರುತ್ತದೆ.

ನಿಮ್ಮಲ್ಲಿರುವುದು ಕೀ ಕ್ಲಚ್ಚೇ ಆಗಿದ್ದರೆ ಡೈಯನ್ನು ಸುತ್ತಲೂ ಮುಚ್ಚುವ ಫಿಕ್ಸೆಡ್ ಗಾರ್ಡ್ ಹಾಕಿಸಿ. ತಗಡು ತೂರಲು ಬಿಡುವ ಸಂದಿ 6 ಮಿಲಿಮೀಟರ್ ಮೀರದಿರಲಿ. ಅಷ್ಟರಲ್ಲೂ ಬೆರಳ ತುದಿ ಹೋದೀತು, ಹಾಗಾಗಿ ಗಾರ್ಡು ಡೈಯಿಂದ ಅರ್ಧ ಇಂಚಾದರೂ ಈಚೆಗಿರಲಿ. ಬಿಡಿ ತುಂಡುಗಳನ್ನು ಒಂದೊಂದಾಗಿ ಇಡುವ ಕೆಲಸವಾದರೆ ಜಾರುವ ಟ್ರೇಯಲ್ಲಿ ಇಟ್ಟು ಒಳಗೆ ತಳ್ಳುವಂತೆ, ಆದ ತುಂಡು ತಾನಾಗಿ ಜಾರಿ ಹೊರಬೀಳುವಂತೆ ಮಾಡಿಸಿ. ಇಕ್ಕಳ, ಅಯಸ್ಕಾಂತದ ಕಡ್ಡಿ ಇವೂ ಬೇಕು, ಆದರೆ ಗಾರ್ಡಿನ ಜೊತೆಗೆ. ಪೆಡಲಿನ ಮೇಲೆ ಮುಚ್ಚಳ ಇರಲಿ. ಮೇಲಿಂದ ತುಂಡು ಬಿದ್ದು ಪೆಡಲ್ ಒತ್ತಿಹೋಗಿ ಕೈ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ದುಡ್ಡಿದ್ದರೆ ಫ್ರಿಕ್ಷನ್ ಕ್ಲಚ್ಚಿಗೆ ಪರಿವರ್ತಿಸಿಕೊಡುವವರನ್ನು ಹುಡುಕಿ. ಪ್ರದರ್ಶನದಲ್ಲಿ ನಿಮ್ಮ ಸಮಯಕ್ಕೆ ತಕ್ಕ ಮಾತುಕತೆ ಅದು.

ಇನ್ನೊಂದು ವಿಷಯವನ್ನು ಮಾಲೀಕರಿಗೆ ಹೇಳಲೇಬೇಕು. ಕೀ ಕ್ಲಚ್ಚಿನ ಸ್ಪ್ರಿಂಗ್ ಮುರಿದರೆ, ಕೀಲಿ ಸವೆದರೆ, ಪೆಡಲ್ ಒತ್ತದೆಯೇ ರ‍್ಯಾಮ್ ಮತ್ತೊಮ್ಮೆ ಇಳಿಯುತ್ತದೆ. ಕೆಲಸದವರು ಇದನ್ನು ಡಬಲ್ ಸ್ಟ್ರೋಕ್ ಎನ್ನುತ್ತಾರೆ. ಆದ ತುಂಡನ್ನು ತೆಗೆಯಲು ಕೈಹಾಕಿದವನು ಯಾವ ತಪ್ಪನ್ನೂ ಮಾಡಿರುವುದಿಲ್ಲ. ಆದರೂ ಅಪಘಾತದ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಮುಗಿಸುತ್ತಾರೆ. ನಿಮ್ಮಲ್ಲಿ ಬೆರಳು ಕಳೆದುಕೊಂಡ ಇಬ್ಬರ ವಿಷಯದಲ್ಲೂ ಹಾಗೇ ಬರೆದಿದ್ದರೆ ಆ ಎರಡು ಪ್ರೆಸ್‌ಗಳ ಕ್ಲಚ್ ಬಿಚ್ಚಿ ನೋಡಿಸಿ. ನೋಡುವವರೆಗೆ ಅವು ನಿಂತಿರಲಿ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಅಪಾಯಕಾರಿ ಭಾಗಗಳಿಗೆ ಬೇಲಿ ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಕೆಲಸದ ಸುರಕ್ಷತೆ, ಆರೋಗ್ಯಗಳ ಹೊಸ ಸಂಹಿತೆ ಜಾರಿಯಾಗಿದೆ, ಆದರೆ ಮಾಲೀಕನ ಹೊಣೆ ಅವನ ಹೆಗಲ ಮೇಲೆಯೇ ಇದೆ.

ಪ್ರದರ್ಶನಕ್ಕೆ ಹೋಗುವಾಗ ಪ್ರೆಸ್ಸಿನ ನೇಮ್ ಪ್ಲೇಟಿನ ಫೋಟೊ, ಡೈ ತೆರೆದಾಗಿನ ಅಳತೆ, ನಿಮಿಷಕ್ಕೆ ಎಷ್ಟು ಸ್ಟ್ರೋಕ್, ತುಂಡು ಇಡುವ ಮತ್ತು ತೆಗೆಯುವ ಒಂದು ಸಣ್ಣ ವಿಡಿಯೊ ಮೊಬೈಲಿನಲ್ಲಿರಲಿ. ಪ್ರೆಸ್ ನಡೆಸುವವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆ ಗಾರ್ಡ್ ಹಾಕಿದರೆ ತುಂಡು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಪಾಳಿಯಲ್ಲಿ ಅದನ್ನು ಕಳಚಿ ಮೂಲೆಗೆಸೆಯುತ್ತಾರೆ ಎಂದು ಅವರಿಗೆ ಗೊತ್ತು. ಒಂದು ದಿನದ ಉತ್ಪಾದನೆ ಹೋಗುತ್ತದೆ ಎಂದು ಮಾಲೀಕರು ಗೊಣಗಿದರೆ ಆ ಎರಡು ಅಪಘಾತಗಳಲ್ಲಿ ಎಷ್ಟು ದಿನ ಹೋದವು ಎಂದು ಕೇಳಿ.

ಪ್ರಶ್ನೆ: ನಾವು ಯಂತ್ರಗಳಿಗೆ ಗಾರ್ಡ್ ಮಾಡುವ ಸಣ್ಣ ತಯಾರಕರು. ಮೊದಲ ಸಲ 9 ಚದರ ಮೀಟರಿನ ಸ್ಟಾಲ್ ಹಿಡಿದಿದ್ದೇವೆ. ಜನ ಬ್ಯಾಗು, ಪೆನ್ನು ಹಂಚುವ ಕಡೆಗೇ ಹೋಗುತ್ತಾರೆ. ನಾವೇನು ಹಂಚಬೇಕು?

ಉತ್ತರ: ಏನನ್ನೂ ಹಂಚಬೇಡಿ. ಬ್ಯಾಗಿಗಾಗಿ ಬರುವವನು ಗಾರ್ಡ್ ಕೊಳ್ಳುವುದಿಲ್ಲ. ಆ ದುಡ್ಡಿನಲ್ಲಿ ಒಂದು ಹಳೆಯ ಸಣ್ಣ ಪ್ರೆಸ್ಸನ್ನು ಮೋಟಾರ್ ಕಳಚಿ ತಂದಿಟ್ಟು ಅದಕ್ಕೆ ನಿಮ್ಮ ಗಾರ್ಡ್ ಹಾಕಿ. ಬಂದವರು ಸಂದಿಯಲ್ಲಿ ತಾವೇ ಬೆರಳು ತೂರಿಸಿ ನೋಡಲಿ. ಡೈ ಬದಲಿಸಲು ಗಾರ್ಡ್ ತೆಗೆದು ಹಾಕಲು ಎಷ್ಟು ಹೊತ್ತು ಎಂದು ಅವರೆದುರೇ ಮಾಡಿ ತೋರಿಸಿ, ಪ್ರೆಸ್ ಶಾಪಿನವರು ಅದನ್ನೇ ಮೊದಲು ಕೇಳುತ್ತಾರೆ. ಸ್ಟಾಲಿನಲ್ಲಿ ನಿಲ್ಲುವುದು ಗಾರ್ಡ್ ಮಾಡಿದ ಕೈಯೇ ಆಗಿರಲಿ, ಟೈ ಕಟ್ಟಿದ ಹುಡುಗರು ಬೇಡ. ಮಾತಾಡಿದವರ ಪ್ರೆಸ್ ಯಾವುದು, ಕ್ಲಚ್ ಯಾವುದು, ಡೈ ಅಳತೆ ಎಷ್ಟು ಎಂದು ಅಲ್ಲೇ ಬರೆದುಕೊಳ್ಳಿ. ವಿಸಿಟಿಂಗ್ ಕಾರ್ಡುಗಳ ಕಟ್ಟು ತಂದು ಮೇಜಿನ ಡ್ರಾಯರಿನಲ್ಲಿಟ್ಟರೆ ವ್ಯವಹಾರ ಆಗುವುದಿಲ್ಲ.

ಮತ್ತೊಂದು. ಉದ್ಘಾಟನೆಯ ಹಿಂದಿನ ರಾತ್ರಿ ಸಭಾಂಗಣದಲ್ಲಿ ಸ್ಟಾಲ್ ಕಟ್ಟುವ ಬಡಗಿಗಳು ಬರಿಗಾಲಲ್ಲಿ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು ಹಲಗೆ ಹೊಡೆಯುವುದನ್ನು, ಜೋಡಿಸಿದ ವೈರು ಕಾರ್ಪೆಟ್ಟಿನಡಿ ಹಾದು ಹೋಗುವುದನ್ನು ನಾನು ಎಷ್ಟೋ ಸಲ ಕಂಡು ಜಗಳವಾಡಿದ್ದೇನೆ. ಬೆಳಗ್ಗೆ ಅದೇ ಜಾಗದಲ್ಲಿ ಎತ್ತರದ ಕೆಲಸದ ಸುರಕ್ಷತೆಯ ಬಗ್ಗೆ ಭಾಷಣ ನಡೆಯುತ್ತದೆ. ನಿಮ್ಮ ಸ್ಟಾಲ್ ಕಟ್ಟುವವರಿಗೆ ಶೂ, ಹೆಲ್ಮೆಟ್ಟು, ಗಟ್ಟಿ ಏಣಿ ಕೊಡುವ ಷರತ್ತನ್ನು ಗುತ್ತಿಗೆಯಲ್ಲೇ ಬರೆಸಿ. ಅವರೂ ಕಾರ್ಮಿಕರೇ.

ಪ್ರಶ್ನೆ: ಕಲ್ಲು ಕಟ್ಟರ್‌ಗಳ ದೂಳಿಗೆ ಬೆಲ್ಲ ಕೊಟ್ಟರೆ ಶ್ವಾಸಕೋಶ ತೊಳೆಯುತ್ತದೆ ಎಂದು ಹೇಳುತ್ತಾರೆ. ಸಮ್ಮೇಳನಕ್ಕೆ ಹೋಗುವುದಕ್ಕಿಂತ ಅದೇ ಅಗ್ಗವಲ್ಲವೇ?

ಉತ್ತರ: ಬೆಲ್ಲ ತಿಂದರೆ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಬೆಲ್ಲ ಹಂಚಿ ಕರ್ತವ್ಯ ಮುಗಿಯಿತು ಎಂದುಕೊಂಡ ಮಾಲೀಕ ತನ್ನ ಜನರನ್ನು ನಿಧಾನವಾಗಿ ಕೊಲ್ಲುತ್ತಿದ್ದಾನೆ. ಕಲ್ಲಿನ ಮೇಲೆ ನೀರು ಬಿಟ್ಟು ಕತ್ತರಿಸಿ, ದೂಳೆಳೆಯುವ ಯಂತ್ರ ಹಾಕಿಸಿ. ಮಾಸ್ಕ್ ಅದಾದ ಮೇಲೆ, ಅದೂ ಗಡ್ಡ ಬೋಳಿಸಿದ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಸೀಸದ ಕೆಲಸದವರಿಗೆ ‘ರಕ್ತ ಶುದ್ಧಿ’ ಗುಳಿಗೆ ಮಾರುವವರಿಗೂ ಇದೇ ಉತ್ತರ: ರಕ್ತದಲ್ಲಿ ಸೀಸದ ಮಟ್ಟ ಪರೀಕ್ಷಿಸಿ, ಹೆಚ್ಚಿದ್ದರೆ ಆ ಕೆಲಸದಿಂದ ಬಿಡಿಸಿ ವೈದ್ಯರ ಬಳಿ ಕಳಿಸಿ.

ಪ್ರಶ್ನೆ: 88 ಪ್ರತಿಶತ ಅಪಘಾತಗಳಿಗೆ ಕಾರ್ಮಿಕರ ತಪ್ಪೇ ಕಾರಣ ಎಂದು ವೇದಿಕೆಯಲ್ಲಿ ಹೇಳಿದರು. ನಿಜವೇ?

ಉತ್ತರ: ಆ ಅಂಕಿಯನ್ನು 1931ರಲ್ಲಿ ಮುಂದಿಟ್ಟವರು ಹೈನ್ರಿಚ್ ಎಂಬ ಅಮೆರಿಕದ ವಿಮಾ ಕಂಪನಿಯ ಅಧಿಕಾರಿ. ಅದಕ್ಕೆ ಆಧಾರ ವಿಮಾ ಕಡತಗಳು ಮತ್ತು ಕಾರ್ಖಾನೆಯವರೇ ಬರೆದ ವರದಿಗಳು. ಮೇಲಿನ ಡಬಲ್ ಸ್ಟ್ರೋಕ್ ವಿಷಯ ಮತ್ತೊಮ್ಮೆ ಓದಿ.

ಪ್ರಶ್ನೆ: ಸ್ಟಾಲೊಂದರಲ್ಲಿ ಹತ್ತು ದಿನದಲ್ಲಿ ಐಎಸ್‌ಒ 45001 ಎಂಬ ಕೆಲಸದ ಸುರಕ್ಷತೆಯ ಪ್ರಮಾಣಪತ್ರ ಕೊಡಿಸುತ್ತೇವೆ ಎಂದರು.

ಉತ್ತರ: ಕಾಗದ ಬೇಕಿದ್ದರೆ ಕೊಳ್ಳಿ, ಆ ಕಾಗದ ಒಂದು ಬೆರಳನ್ನೂ ಉಳಿಸುವುದಿಲ್ಲ.

ಪ್ರಶ್ನೆ: ಹೆಲ್ಮೆಟ್ಟು, ಶೂಗಳ ಮೇಲಿನ ಐಎಸ್‌ಐ ಗುರುತು ನಿಜವೋ ನಕಲಿಯೋ ಎಂದು ಸ್ಟಾಲಿನಲ್ಲೇ ತಿಳಿಯುವುದು ಹೇಗೆ?

ಉತ್ತರ: ಗುರುತಿನ ಮೇಲೆ ಐಎಸ್ ಸಂಖ್ಯೆ ಇರಬೇಕು: ಹೆಲ್ಮೆಟ್ಟಿಗೆ 2925, ಶೂಗೆ 15298. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಮಳಿಗೆಯವನ ಎದುರೇ ಹಾಕಿ ನೋಡಿ.

ಪ್ರಶ್ನೆ: ಸಮ್ಮೇಳನದ ಪ್ರಮಾಣಪತ್ರ ತೋರಿಸಿ ಸುರಕ್ಷತಾ ಅಧಿಕಾರಿ ಆಗಬಹುದೇ?

ಉತ್ತರ: ಆಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಮೂರು ದಿನದ ಕಾರ್ಯಕ್ರಮ. ಒಂದೇ ದಿನ ರಜೆ ಸಿಕ್ಕಿದೆ. ಯಾವ ದಿನ ಹೋಗಲಿ?

ಉತ್ತರ: ಎರಡನೆಯ ದಿನ, ಬಾಗಿಲು ತೆಗೆಯುವ ಹೊತ್ತಿಗೆ. ಮೊದಲ ದಿನ ಉದ್ಘಾಟನೆ, ಭಾಷಣ, ಹಾರ ತುರಾಯಿಗಳಲ್ಲಿ ಹೋಗುತ್ತದೆ. ಕೊನೆಯ ದಿನ ಊಟವಾಗುತ್ತಲೇ ಮಳಿಗೆ ಬಿಚ್ಚತೊಡಗುತ್ತಾರೆ, ತಂತ್ರಜ್ಞರು ರೈಲು ಹಿಡಿಯುವ ಅವಸರದಲ್ಲಿರುತ್ತಾರೆ. ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಹೋಗುತ್ತದೆ, ತುಮಕೂರು ರಸ್ತೆಯಲ್ಲಿ ಕಾರು ಹಾಕಿಕೊಂಡು ಅರ್ಧ ದಿನ ಕಳೆಯಬೇಡಿ.